ದೇಮವ್ವ ಎಂಬ ರೋಬೋಟ್

ನಿವೃತ್ತ ಸಂಪಾದಕರ ಏಕೈಕ ವೈಜ್ಞಾನಿಕ ಕಾದಂಬರಿಗೆ ಪ್ರಶಸ್ತಿ ಬಂದಿತ್ತು. ಅದರ ನಾಯಕಿಯಾದ ರೋಬೋಟಿಗೆ ‘ದೇಮವ್ವ’ ಎಂಬ ಹೆಸರು ಹೇಗೆ ಹೊಳೆಯಿತು ಎಂಬ ಒಂದೇ ಪ್ರಶ್ನೆಗೆ ಅವರು ಹೆದರುತ್ತಿದ್ದರು. ಪುಣ್ಯಕ್ಕೆ ವೇದಿಕೆಯ ವಿದ್ವಾಂಸರೇ ಉತ್ತರಿಸಿದರು. ಒಬ್ಬರು ಶಾಸನದಿಂದ ಎಂದರು, ಇನ್ನೊಬ್ಬರು ಹಳಗನ್ನಡ ಕಾವ್ಯದಿಂದ ಎಂದರು. ಇಬ್ಬರಿಗೂ ತಲೆದೂಗಿ ಸಂಪಾದಕರು ಹಸ್ತಾಕ್ಷರ ಹಾಕಲು ಕುಳಿತರು.

ಮುದುಕಿಯೊಬ್ಬಳು ಪುಸ್ತಕ ಚಾಚಿದಳು.

“ಯಾರ ಹೆಸರಿಗೆ ಬರೀಲಿ, ತಾಯಿ?”

“ದೇಮವ್ವ ಅಂತ ಬರೀರಿ.”

ಸಂಪಾದಕರು ನಕ್ಕರು. “ರೋಬೋಟಿನ ಹೆಸರಲ್ಲ, ನಿಮ್ಮ ಹೆಸರು ಹೇಳಿ.”

“ನಂದೇ ರೀ. ಈ ಕಥಿ ನನ್ನ ಮಗ ಬರದು ನಿಮ್ಮ ಪತ್ರಿಕಿಗೆ ಕಳಿಸಿದ್ದ. ಪ್ರಕಟಣೆಗೆ ಯೋಗ್ಯ ಅಲ್ಲಂತ ನಿಮ್ಮ ಚೀಟಿ ಬಂದ ವಾರದಾಗ ಬಾವಿಗೆ ಬಿದ್ದ. ಎಲ್ಲಾ ತಿದ್ದೀರಿ, ನನ್ನ ಹೆಸರೊಂದು ಬಿಟ್ಟೀರಿ.”

ಸಂಪಾದಕರು ಸುತ್ತ ನೋಡಿದರು.

“ಬರೀರಿ, ನನ್ನ ಹೆಸರಿಗೇ ಬರೀರಿ. ಕೆಳಗ ಸಹಿ ಮಾತ್ರ ಅವಂದು ಹಾಕ್ರಿ.”