ಅತ್ತೆ ಹಿಡಿದ ಮಣಿಕಟ್ಟು

ನಾನು ನಿಂತಿದ್ದುದು ಹೈದರಾಬಾದಿನ ಮಿಯಾಪುರದಲ್ಲಿ, ನಮ್ಮ ತಗಡಿನ ಶೆಡ್ಡಿನ ಬಾಗಿಲಲ್ಲಿ. ಶನಿವಾರ, ಮಧ್ಯಾಹ್ನ ಮೂರರ ಹೊತ್ತು. ನನಗಾಗ ಎಂಟು ವರ್ಷ. ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನಾನು ಆ ಬಾಗಿಲಲ್ಲೇ ನಿಂತಿರುತ್ತೇನೆ.

ಅಪ್ಪನ ಅಕ್ಕ, ನನ್ನ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ಮುಟ್ಟಿಯೇ ನಮ್ಮನ್ನು ಗುರುತಿಸುತ್ತಿದ್ದಳು. ಅವ್ವನ ಗುರುತು ಗಾಜಿನ ಬಳೆ. ಅವ್ವ ಅಂದು ಹೊಸ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಮೊದಲ ದಿನ ಹೋಗಿ ಬಂದಿದ್ದಳು. ಅತ್ತೆ ಎಂದಿನಂತೆ ಅವಳ ಮಣಿಕಟ್ಟು ಹಿಡಿದಳು. ಬಳೆ ಇರಲಿಲ್ಲ. ಇನ್ನೊಂದು ಕೈ ಹುಡುಕಿದಳು. ಅದೂ ಬರಿದು. ನಮ್ಮಲ್ಲಿ ಹೆಂಗಸಿನ ಬಳೆ ತೆಗೆಸುವುದು ಗಂಡ ಸತ್ತಾಗ.

ಅತ್ತೆ ಚೀರಿದಳು. ಎರಡೂ ಕೈ ಮುಷ್ಟಿ ಮಾಡಿ ಎದೆ ಬಡಿದುಕೊಂಡಳು. ಅವ್ವ ತನ್ನ ತಾಳಿ ಮುಟ್ಟಿಸಲು ನೋಡಿದಳು, ಮುಷ್ಟಿ ಬಿಚ್ಚಲಿಲ್ಲ. ಬೆರಳು ಮಡಚಿಕೊಂಡ ಮೇಲೆ ಅತ್ತೆಗೆ ಏನನ್ನೂ ಹೇಳುವ ದಾರಿಯಿರಲಿಲ್ಲ.

ಪಕ್ಕದ ಕಟ್ಟಡದಿಂದ ಅಪ್ಪ ಸಿಮೆಂಟಿನ ಕೈಯಲ್ಲೇ ಓಡಿ ಬಂದ.

“ಕಂಪನ್ಯಾಗ ಗಾಜಿನ ಬಳಿ ನಡಿಯಂಗಿಲ್ಲ ಅಂದ್ರು ರೀ, ತಗದಿಟ್ಟೆ,” ಅವ್ವ ಬಿಕ್ಕಿದಳು.

“ಮೊದಲ್ನೇ ದಿನಾನೇ ನನ್ನ ಕೊಂದ್ಯಲ್ಲೇ!” ಎಂದವನೇ ಅಪ್ಪ ಅಕ್ಕನ ಮಡಿಲಲ್ಲಿ ತಲೆಯಿಟ್ಟು ಮಲಗಿಬಿಟ್ಟ.

ಅತ್ತೆ ಮೂಸಿದಳು. ಮುಷ್ಟಿ ನಿಧಾನವಾಗಿ ಬಿಚ್ಚಿತು. ಬೆರಳುಗಳು ಅವನ ಕಿವಿ, ಮೀಸೆ ದಾಟಿ ಮೂಗಿನ ಉಸಿರಿನ ಮೇಲೆ ಬಹಳ ಹೊತ್ತು ನಿಂತವು. ಆಮೇಲೆ ಕೆನ್ನೆಗೆ ಫಟ್ಟನೆ ಒಂದು ಕೊಟ್ಟಳು.

“ಹೊಡಿ ಅಕ್ಕಾ, ಇನ್ನೊಂದು ಹೊಡಿ,” ಅಪ್ಪ ನಗುತ್ತಲೇ ಇದ್ದ. ಅವಳಿಗೆ ಕೇಳದಿದ್ದರೂ ಅವನು ಅವಳೊಂದಿಗೆ ಯಾವಾಗಲೂ ಮಾತಾಡುತ್ತಿದ್ದ.

ಅತ್ತೆ ಇರುವ ತನಕ ಅವ್ವ ದಿನಾ ಕೆಲಸದಿಂದ ಬಂದವಳು ಹೊರಗೇ ಕೂತು, ಬಳೆ ತೊಟ್ಟುಕೊಂಡೇ ಒಳಗೆ ಬರುತ್ತಿದ್ದಳು. ಆ ಮಧ್ಯಾಹ್ನವನ್ನು ಕಂಡವರಲ್ಲಿ ಈಗ ಉಳಿದಿರುವವರು ನಾನು ಮತ್ತು ಅವ್ವ, ಇಬ್ಬರೇ.