ಮೂಲದಲ್ಲಿರುವ ಮಾತು

“ಕನಿಕರ ಅಂದ್ರೇನು ಅಮ್ಮೋರೆ?” ಎಂದು ಜ್ಞಾನಮ್ಮ ಕೇಳಿದಾಗ ಪ್ರಿಸಿಲ್ಲಾಳ ಬೆರಳು ಬೈಬಲ್ಲಿನ ಆ ಸಾಲಿನ ಮೇಲೆಯೇ ನಿಂತಿತು. ಒಬ್ಬನೇ ಮಗ ನಾಲೆಯಲ್ಲಿ ಮುಳುಗಿ ತೀರಿಕೊಂಡು ಒಂಬತ್ತು ದಿನವಾಗಿತ್ತು. ಅಂದಿನಿಂದ ಆ ತಾಯಿ ಆಡಿದ ಮೊದಲ ಮಾತು ಅದು.

ಪಾಂಡವಪುರದ ಕ್ರೈಸ್ತ ಸಭೆಗೆ ಹೊಸದಾಗಿ ಬಂದಿದ್ದ ಸಭಾಪಾಲಕಿ ಪ್ರಿಸಿಲ್ಲಾ, ಜ್ಞಾನಮ್ಮನ ಮನೆಯಲ್ಲಿ ಕೂತು, ಮಗನ ಹೆಣದ ಜೊತೆ ಅಳುತ್ತ ಹೊರಟಿದ್ದ ವಿಧವೆಯನ್ನು ಕಂಡು ಯೇಸು ಕನಿಕರಪಟ್ಟ ಭಾಗವನ್ನು ಓದುತ್ತಿದ್ದಳು. “ಪಾಪ ಅನ್ನಿಸೋದು ಕಣಮ್ಮ” ಎಂದಳು.

“ಊರೋರೆಲ್ಲ ಪಾಪ ಅಂದ್ರು, ಎದ್ದೋದ್ರು. ಸ್ವಾಮಿನೂ ಅಷ್ಟೇಯಾ?”

ಪ್ರಿಸಿಲ್ಲಾಗೆ ಸೆಮಿನರಿಯಲ್ಲಿ ಯೇಸುವಿನ ಕಥೆಯ ಮೂಲ ಭಾಷೆಯಾದ ಗ್ರೀಕ್ ಕಲಿತ ತರಗತಿ ನೆನಪಾಯಿತು. ಆ ಪದದ ಮೂಲವನ್ನು ಅವಳು ಪರೀಕ್ಷೆಯಲ್ಲಿ ಸರಿಯಾಗಿ ಬರೆದು, ಅಂಕವನ್ನೂ ಪಡೆದು, ಅಲ್ಲಿಗೇ ಬಿಟ್ಟಿದ್ದಳು. ಕನ್ನಡದಲ್ಲಿ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

“ಇಲ್ಲಮ್ಮ, ಮೂಲದಲ್ಲಿ ಬೇರೆ ಥರ ಐತೆ” ಎಂದಳು ನಿಧಾನವಾಗಿ. “ಆ ತಾಯಿನ ನೋಡಿ ಸ್ವಾಮಿಯ ಕರುಳು ಚುರುಕ್ ಅಂತು ಅಂತ ಬರ್ದವ್ರೆ.”

ಜ್ಞಾನಮ್ಮನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿ ಕೂತಿತು. “ಕರುಳಾ?” ಎಂದಳು. ಆಮೇಲೆ ಇನ್ನೂ ಮೆಲ್ಲಗೆ ಕೇಳಿದಳು: “ದೇವ್ರಿಗೂ ಕರುಳೈತಾ?”

ತಾನು ಓದಿದ ಪದ ಎಷ್ಟು ದೊಡ್ಡದೆಂದು ಪ್ರಿಸಿಲ್ಲಾಗೆ ಈಗ ತಿಳಿಯಿತು. ಹೌದೆಂದು ತಲೆಯಾಡಿಸಿದಳು. ಜ್ಞಾನಮ್ಮ ಅವಳ ಹೆಗಲಿಗೆ ಹಣೆಯಿಟ್ಟು, ಬಾಯಿ ತುಂಬ ಮಗನ ಹೆಸರು ಹಿಡಿದು ಕರೆಯುತ್ತ ಅತ್ತಳು.