ರೆಕ್ಕೆ ಕುದುರೆ ಹತ್ತಿದ ರಾಜಕುಮಾರಿ

"ಏನೇನು ಓದ್ತೀಯವ್ವಾ?" ಹರಿಹರದಿಂದ ದಾವಣಗೆರೆಗೆ ಹೆಣ್ಣು ನೋಡಲು ಬಂದಿದ್ದ ಹುಡುಗನ ತಾಯಿ ನಿರ್ಮಲಮ್ಮ ಕೇಳಿದರು. ವಚನ ಓದುತ್ತೇನೆಂದು ಹೇಳುವಂತೆ ಅವ್ವ ಬೆಳಗಿನಿಂದ ಬಾಯಿಪಾಠ ಮಾಡಿಸಿದ್ದರೂ ಹುಡುಗಿ ಆಶಾರಾಣಿಯ ನಾಲಿಗೆಗೆ ಆ ಸುಳ್ಳು ಬರಲಿಲ್ಲ.

"ಮಾಯಾಲೋಕದ ಕಾದಂಬರಿ ಓದ್ತೀನ್ರಿ. ಈಗ ಓದಿದ್ರಾಗೆ ರಾಜಕುಮಾರಿ ಮದುವೆ ಮಂಟಪದಿಂದ ಎದ್ದು, ರೆಕ್ಕೆ ಕುದುರೆ ಹತ್ತಿ ಹಾರಿಹೋಗ್ತಾಳೆ."

ಅವ್ವ ಮಾತು ಮರೆಸಲು ಚಹಾದ ಲೋಟಗಳನ್ನು ಅವಸರದಿಂದ ಎಲ್ಲರ ಮುಂದಿಟ್ಟಳು. ಅಷ್ಟು ಹೊತ್ತೂ ಮಂಡಕ್ಕಿ ತಟ್ಟೆಯನ್ನೇ ನೋಡುತ್ತಿದ್ದ ಹುಡುಗ ಬಸವಪ್ರಭು ತಲೆಯೆತ್ತಿದ. "ಆಮೇಲೆ ಸಿಕ್ಕಿಬೀಳ್ತಾಳೇನ್ರಿ?"

"ನೀವೇ ಓದ್ರಿ, ಭಾಳ ಚೆನ್ನಾಗೈತೆ!" ಆಶಾರಾಣಿ ಒಳಗೋಡಿ ಪುಸ್ತಕ ತಂದು ಚಾಚಿದಳು. ಬಸವಪ್ರಭು ಕೈಯೊಡ್ಡುವಷ್ಟರಲ್ಲಿ ನಿರ್ಮಲಮ್ಮ ಅದನ್ನು ಕಸಿದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು.

"ನಾ ಮೊದ್ಲು ಓದ್ತೀನಿ," ಎಂದರು ಮಗನಿಗೆ. "ಮುಂದೇನಾತು ಅಂತ ನೀನು ಲಗ್ನ ಆದ ಮ್ಯಾಲೆ ಆಕಿನ್ನೇ ಕೇಳ್ಕೊಳ್ಳೋ."